‘ಲೈಲಾ’ ಯಾರ ಹಾಡು? ಎರಿಕ್ ಕ್ಲ್ಯಾಪ್ಟನ್ ಅವರ ಗಿಟಾರ್ ಬದುಕು ಮತ್ತು ಕರ್ತೃತ್ವದ ಪ್ರಶ್ನೆ

ಬ್ಲೂಸ್-ರಾಕ್ ಸಂಗೀತದ ಚರಿತ್ರೆ ಬಹುಮಟ್ಟಿಗೆ ಗಿಟಾರ್ ವಾದಕರ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಒಬ್ಬ ವಾದಕ, ಅವನ ವಾದ್ಯ, ಅವನ ಎದೆಯ ನೋವು, ಆ ನೋವಿನಿಂದ ಹೊಮ್ಮಿದ ಹಾಡು ಎಂಬ ಕ್ರಮದಲ್ಲಿ ಸಾಗುವ ಈ ಬಗೆಯ ಬರವಣಿಗೆ ಕೇಳುಗರಿಗೆ ಪ್ರಿಯವಾದದ್ದು ಸಹಜವೇ ಆದರೂ, ಧ್ವನಿಮುದ್ರಣ ಕೊಠಡಿಯಲ್ಲಿ ಹಾಡೊಂದು ನಿಜವಾಗಿ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಅದು ಬಹಳಷ್ಟು ಮರೆಮಾಡುತ್ತದೆ. ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನ್ ಅವರ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಸೇರಿಹೋಗಿರುವ, 1970ರಲ್ಲಿ ಹೊರಬಂದ ‘ಲೈಲಾ’ ಎಂಬ ಹಾಡು ಈ ರೂಢಿಯನ್ನು ಪರೀಕ್ಷಿಸುವುದಕ್ಕೆ ತಕ್ಕ ಉದಾಹರಣೆಯಾಗಿದೆ. ಗೆಳೆಯನ ಹೆಂಡತಿಯನ್ನು ಪ್ರೀತಿಸಿದ ಒಬ್ಬ ಕಲಾವಿದನ ಆರ್ತನಾದವೆಂದೇ ಪ್ರಸಿದ್ಧವಾದ ಈ ಹಾಡಿನ ಪ್ರತಿಯೊಂದು ಮುಖ್ಯ ಅಂಗದಲ್ಲಿಯೂ ಬೇರೆ ಬೇರೆ ಕೈಗಳ ಕೆಲಸವಿದೆ; ಆ ಕೈಗಳಲ್ಲಿ ಕೆಲವಕ್ಕೆ ಮಾತ್ರ ಮನ್ನಣೆ ದೊರೆತಿದೆ.

ಮೊದಲಿಗೆ ಬ್ಲೂಸ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ವಿಶೇಷವಾಗಿ ಮಿಸಿಸಿಪ್ಪಿಯ ಹತ್ತಿ ಹೊಲಗಳ ಸೀಮೆಯಲ್ಲಿ, ಗುಲಾಮಗಿರಿಯ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಕಪ್ಪು ಜನರು ಕಟ್ಟಿಕೊಂಡ ಗಾಯನ ಪದ್ಧತಿ ಅದು. ಸಾಮಾನ್ಯವಾಗಿ ಹನ್ನೆರಡು ಆವರ್ತಗಳ ಒಂದು ಚೌಕಟ್ಟು, ಅದರೊಳಗೆ ಮೂರು ಸ್ವರಮೇಳಗಳ ಸುತ್ತಾಟ, ಮೊದಲ ಸಾಲನ್ನೇ ಎರಡನೆಯ ಬಾರಿ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಪದ್ಯರಚನೆ, ಇವು ಅದರ ಹೊರರೂಪ. ಒಳಜೀವವಿರುವುದು ಸ್ವರಗಳ ಬಾಗುವಿಕೆಯಲ್ಲಿ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಹಾಗೆಯೇ ಕೈಶಿಕಿ ನಿಷಾದಕ್ಕೂ ಕಾಕಲಿ ನಿಷಾದಕ್ಕೂ ನಡುವೆ, ಒಂದು ಕಡೆ ನಿಲ್ಲದೆ ತೂಗಾಡುವ ಸ್ವರಗಳೇ ಬ್ಲೂಸ್‌ನ ಗುರುತು. ಪಿಯಾನೊದ ಸ್ಥಿರ ಸ್ವರಗಳಲ್ಲಿ ಸಿಗದ ಈ ಎಡೆಗಳನ್ನು ಗಿಟಾರ್ ವಾದಕರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಇಲ್ಲವೇ ಗಾಜಿನ ಅಥವಾ ಲೋಹದ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ಹೊರಡಿಸುತ್ತಾರೆ. ಎರಡನೆಯ ಕ್ರಮಕ್ಕೆ ಸ್ಲೈಡ್ ವಾದನವೆಂದು ಹೆಸರು. ಚಿತ್ರವೀಣೆಯನ್ನು, ಅಂದರೆ ಗೋಟುವಾದ್ಯವನ್ನು ಕೇಳಿ ಬಲ್ಲವರಿಗೆ ಅದರ ತತ್ತ್ವ ಹೊಸದಲ್ಲ. ಈ ಸಂಗೀತವನ್ನು ವಿದ್ಯುತ್ ಗಿಟಾರ್, ಜೋರಾದ ಧ್ವನಿವರ್ಧಕ ಮತ್ತು ರಾಕ್‌ನ ಬಿರುಸಾದ ಡ್ರಮ್ ವಾದನಕ್ಕೆ ಒಗ್ಗಿಸಿದಾಗ ಮೂಡಿದ್ದು ಬ್ಲೂಸ್-ರಾಕ್. ಅದನ್ನು ಹಾಗೆ ಒಗ್ಗಿಸಿದವರಲ್ಲಿ ಪ್ರಮುಖರು 1960ರ ದಶಕದ ಬ್ರಿಟನ್ನಿನ ಬಿಳಿಯ ತರುಣರು.

ಕ್ಲ್ಯಾಪ್ಟನ್ 1945ರ ಮಾರ್ಚ್ 30ರಂದು ಸರ್ರೆ ಪ್ರಾಂತದ ರಿಪ್ಲಿ ಗ್ರಾಮದಲ್ಲಿ ಹುಟ್ಟಿದರು. ಅವರನ್ನು ಸಾಕಿದವರು ಅಜ್ಜಿ ಮತ್ತು ಅಜ್ಜಿಯ ಎರಡನೆಯ ಗಂಡ. ಹೆತ್ತ ತಾಯಿಯನ್ನು ಅಕ್ಕನೆಂದೇ ನಂಬಿ ಅವರು ಬೆಳೆದರು. ಈ ಬಾಲ್ಯದ ಗಾಯವನ್ನು ಅವರ ಸಂಗೀತಕ್ಕೆ ಕಾರಣವೆಂದು ಹೇಳುವುದು ಸುಲಭವಾದರೂ, ಅದೇ ಬಗೆಯ ಗಾಯಗಳಿದ್ದ ಅನೇಕರು ಗಿಟಾರ್ ಮುಟ್ಟಲೇ ಇಲ್ಲ. ಹೆಚ್ಚು ನೆಚ್ಚಬಹುದಾದ ಕಾರಣ ಅವರ ಕಿವಿಯ ಶ್ರದ್ಧೆ. 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ ಕೇವಲ 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ 27ರ ಹರೆಯದಲ್ಲೇ ತೀರಿಕೊಂಡ ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಅವರ ಮುದ್ರಿಕೆಗಳನ್ನು ಕೊಲಂಬಿಯಾ ಕಂಪನಿ 1961ರಲ್ಲಿ ಒಂದು ಎಲ್‌ಪಿ ತಟ್ಟೆಯಾಗಿ ಹೊರತಂದಿತು. ಅಂಥ ತಟ್ಟೆಗಳನ್ನು ಮತ್ತೆ ಮತ್ತೆ ಹಾಕಿ, ಒಂದೊಂದು ನುಡಿಯನ್ನೂ ತಂತಿಯ ಮೇಲೆ ಹುಡುಕಿ ಹುಡುಕಿ ಕಲಿತ ತಲೆಮಾರು ಕ್ಲ್ಯಾಪ್ಟನ್ ಅವರದು. ಗುರುವಿನ ಮುಂದೆ ಕುಳಿತು ಕಲಿಯುವ ಅವಕಾಶವಿಲ್ಲದಾಗ ಧ್ವನಿಮುದ್ರಿಕೆಯೇ ಗುರುವಾದ ಈ ಪದ್ಧತಿಯಲ್ಲಿ, ಅಷ್ಟೆಲ್ಲ ವಿದ್ಯೆಯನ್ನು ಕೊಟ್ಟವನ ಋಣ ತೀರಿಸುವ ಸಂದರ್ಭವೇ ಕೂಡಿಬರುವುದಿಲ್ಲ. ಇಡೀ ಬ್ರಿಟಿಷ್ ಬ್ಲೂಸ್ ಚಳವಳಿಯ ಮೇಲೆ ಉಳಿದಿರುವ ಋಣ ಇದು.

1963ರಲ್ಲಿ ಯಾರ್ಡ್‌ಬರ್ಡ್ಸ್ ತಂಡವನ್ನು ಸೇರಿದ ಕ್ಲ್ಯಾಪ್ಟನ್, ಆ ತಂಡ ಜನಪ್ರಿಯ ಪಾಪ್ ಹಾಡುಗಳತ್ತ ವಾಲಿತೆಂಬ ಕಾರಣಕ್ಕೆ 1965ರಲ್ಲಿ, ಅದಕ್ಕೆ ಮೊದಲ ದೊಡ್ಡ ಯಶಸ್ಸು ಸಿಗುತ್ತಿದ್ದ ಹೊತ್ತಿಗೇ, ಹೊರನಡೆದರು. ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡದೊಂದಿಗೆ ಅವರು ನುಡಿಸಿದ, 1966ರ ಜುಲೈನಲ್ಲಿ ಡೆಕ್ಕಾ ಕಂಪನಿ ಹೊರತಂದ ಆಲ್ಬಂ ವಿದ್ಯುತ್ ಗಿಟಾರಿನ ನಾದವನ್ನೇ ಬದಲಿಸಿತು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಧ್ವನಿವರ್ಧಕಕ್ಕೆ ಜೋಡಿಸಿ, ವರ್ಧಕದ ನಿರ್ವಾತ ಕೊಳವೆಗಳು ತಾಳಲಾರದಷ್ಟು ಶಬ್ದವನ್ನು ಏರಿಸಿದಾಗ ನಾದದ ಅಂಚು ಒಡೆದು, ತಂತಿಯ ಸ್ವರ ಕೊಳಲಿನ ಸ್ವರದಂತೆ ದೀರ್ಘವಾಗಿ ನಿಲ್ಲುತ್ತದೆ. ತಂತ್ರಜ್ಞರು ಅದುವರೆಗೆ ದೋಷವೆಂದು ತಿಳಿದು ನಿವಾರಿಸುತ್ತಿದ್ದ ಈ ಒಡಕನ್ನು ಕ್ಲ್ಯಾಪ್ಟನ್ ಅಭಿವ್ಯಕ್ತಿಯ ಸಾಧನವನ್ನಾಗಿ ಮಾಡಿಕೊಂಡು, ಕೊಠಡಿಯಲ್ಲಿಯೂ ವೇದಿಕೆಯ ಮೇಲಿನಷ್ಟೇ ಜೋರಾಗಿ ನುಡಿಸುವೆನೆಂದು ಪಟ್ಟುಹಿಡಿದರು. ಲಂಡನ್ನಿನ ಗೋಡೆಯೊಂದರ ಮೇಲೆ ಅಭಿಮಾನಿಯೊಬ್ಬ ಅವರನ್ನು ದೇವರೆಂದೇ ಬರೆದದ್ದು ಈ ಅವಧಿಯಲ್ಲಿ. ಆ ಗೋಡೆಬರಹ ಅವರಿಗೆ ತಂದ ಕೀರ್ತಿಗಿಂತ ಮಾಡಿದ ಹಾನಿಯೇ ದೊಡ್ಡದೆನ್ನಬೇಕು. ಅಲ್ಲಿಂದ ಮುಂದೆ ಅವರು ಯಾರೊಂದಿಗೆ ನುಡಿಸಿದರೂ ಕೇಳುಗರ ಕಿವಿ ಅವರೊಬ್ಬರನ್ನೇ ಹುಡುಕತೊಡಗಿತು.

ಜ್ಯಾಕ್ ಬ್ರೂಸ್ ಮತ್ತು ಜಿಂಜರ್ ಬೇಕರ್ ಅವರೊಂದಿಗೆ 1966ರಿಂದ 1968ರವರೆಗೆ ನಡೆಸಿದ ‘ಕ್ರೀಮ್’ ತಂಡ, ಮೂವರೇ ವಾದಕರು ಹಾಡೊಂದನ್ನು ಹತ್ತು ಹದಿನೈದು ನಿಮಿಷಗಳ ಮನೋಧರ್ಮ ವಾದನವಾಗಿ ಹಿಗ್ಗಿಸಬಹುದೆಂದು ತೋರಿಸಿಕೊಟ್ಟಿತು. 1968ರ ನವೆಂಬರ್‌ನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಿದಾಯದ ಕಛೇರಿ ನಡೆಸಿ ತಂಡ ಮುಗಿಯಿತು. 1969ರಲ್ಲಿ ಸ್ಟೀವ್ ವಿನ್‌ವುಡ್ ಅವರೊಂದಿಗೆ ಕಟ್ಟಿದ ‘ಬ್ಲೈಂಡ್ ಫೇತ್’ ಒಂದು ವರ್ಷವೂ ಬಾಳಲಿಲ್ಲ. ಬೇಸತ್ತ ಕ್ಲ್ಯಾಪ್ಟನ್ ತಮ್ಮ ತಂಡದ ಕಛೇರಿಗಳಿಗೆ ಮೊದಲು ಹಾಡಲು ಬರುತ್ತಿದ್ದ ಡೆಲೇನಿ ಮತ್ತು ಬಾನಿ ಎಂಬ ಅಮೆರಿಕನ್ ದಂಪತಿಯ ಬಳಗದಲ್ಲಿ ಒಬ್ಬ ಸಾಧಾರಣ ಗಿಟಾರ್ ವಾದಕನಾಗಿ ಸೇರಿಕೊಂಡರು. ಅವರ ವೃತ್ತಿಜೀವನದ ತಿರುವು ಇದೇ. ಆ ಬಳಗದಿಂದ ಬಂದ ಆರ್ಗನ್ ವಾದಕ ಬಾಬಿ ವಿಟ್ಲಾಕ್, ಬಾಸ್ ಗಿಟಾರ್ ನುಡಿಸುವ ಕಾರ್ಲ್ ರೇಡಲ್ ಮತ್ತು ಡ್ರಮ್ ವಾದಕ ಜಿಮ್ ಗಾರ್ಡನ್ ಅವರೊಂದಿಗೆ 1970ರಲ್ಲಿ ‘ಡೆರೆಕ್ ಅಂಡ್ ದ ಡಾಮಿನೋಸ್’ ತಂಡ ರೂಪುಗೊಂಡಿತು. ತಂಡದ ಹೆಸರಿನಲ್ಲಿ ಕ್ಲ್ಯಾಪ್ಟನ್ ಎಂಬ ಪದವೇ ಇಲ್ಲದಿರುವುದು ಆಕಸ್ಮಿಕವಲ್ಲ. ಆರಾಧನೆಯಿಂದ ತಪ್ಪಿಸಿಕೊಂಡು ವಾದ್ಯವೃಂದದೊಳಗೆ ಒಬ್ಬನಾಗಬೇಕೆಂಬ ಬಯಕೆ ಅದರಲ್ಲಿತ್ತು.

ಹಾಡಿನ ವಸ್ತುವಿಗೆ ಸಂಬಂಧಿಸಿದ ಸಂಗತಿಗಳು ಎಲ್ಲರಿಗೂ ತಿಳಿದಂಥವು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕ್ಲ್ಯಾಪ್ಟನ್ ಅವರ ಆಪ್ತ ಗೆಳೆಯರು. 1966ರಲ್ಲಿ ಹ್ಯಾರಿಸನ್ ಅವರನ್ನು ಮದುವೆಯಾಗಿದ್ದ ಪ್ಯಾಟಿ ಬಾಯ್ಡ್ ಅವರನ್ನು ಕ್ಲ್ಯಾಪ್ಟನ್ ಪ್ರೀತಿಸಿದರು. ಇಯಾನ್ ಡಲ್ಲಾಸ್ ಎಂಬ ಗೆಳೆಯರು ಓದಲು ಕೊಟ್ಟ ಲೈಲಾ-ಮಜ್ನೂ ಕಥೆ ಆ ಪ್ರೀತಿಗೊಂದು ಹೆಸರನ್ನು ಒದಗಿಸಿತು. ಹನ್ನೆರಡನೆಯ ಶತಮಾನದ ಪಾರಸಿ ಕವಿ ನಿಜಾಮಿ ಗಂಜವಿ ಅರಬ್ಬೀ ಜನಪದದಿಂದ ಎತ್ತಿಕೊಂಡು ಕಾವ್ಯವಾಗಿಸಿದ ಈ ಕಥೆಯನ್ನು ದೆಹಲಿಯ ಅಮೀರ್ ಖುಸ್ರೊ ಕೂಡ ತಮ್ಮ ರೀತಿಯಲ್ಲಿ ಮತ್ತೆ ಬರೆದರು. ಉರ್ದು ಕಾವ್ಯ, ನಾಟಕ ಮತ್ತು ಸಿನಿಮಾಗಳ ಮೂಲಕ ಅದು ಭಾರತದ ಮನೆಮಾತಾಗಿದೆ. ಹೀಗಾಗಿ ‘ಲೈಲಾ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡದ ಕೇಳುಗನಿಗೆ ಹೊಳೆಯುವ ಅರ್ಥದ ಪದರಗಳು 1970ರ ಅಮೆರಿಕದ ಕೇಳುಗನಿಗೆ ಹೊಳೆದಿರಲಾರವು. ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನ ಕರ್ತೃಗಳಲ್ಲಿ ಒಬ್ಬರೆಂದು ನಿಜಾಮಿಯವರ ಹೆಸರನ್ನೇ ನಮೂದಿಸಲಾಗಿದೆ ಎಂಬುದು ಗಮನಾರ್ಹ: ಎಂಟು ಶತಮಾನಗಳ ಹಿಂದಿನ ಕವಿಗೆ ಸಂದ ಈ ಸೌಜನ್ಯ ಅದೇ ಕೊಠಡಿಯಲ್ಲಿದ್ದ ಕೆಲವರಿಗೆ ಸಲ್ಲಲಿಲ್ಲ.

ಈ ಪ್ರೇಮಪ್ರಕರಣ ಹಾಡಿನ ಮಾತುಗಳಿಗೆ ಕಾರಣವೆಂಬುದನ್ನು ಒಪ್ಪಿಕೊಳ್ಳಬಹುದು. ಆದರೆ ಮಾತುಗಳಷ್ಟರಿಂದಲೇ ‘ಲೈಲಾ’ ಐವತ್ತು ವರ್ಷ ಬಾಳುತ್ತಿರಲಿಲ್ಲ. ಕ್ಲ್ಯಾಪ್ಟನ್ ಮೊದಲು ಬರೆದಾಗ ಅದು ನಿಧಾನಗತಿಯ, ಮೆಲುದನಿಯ ಒಂದು ಪ್ರೇಮಗೀತೆಯಾಗಿತ್ತು. ಅದು ಇಂದಿನ ರೂಪವನ್ನು ತಳೆದದ್ದು 1970ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಫ್ಲಾರಿಡಾದ ಮಯಾಮಿ ನಗರದ ಕ್ರೈಟೀರಿಯಾ ಸ್ಟುಡಿಯೊದಲ್ಲಿ. ಆ ರೂಪಾಂತರವೇ ಈ ಸಮೀಕ್ಷೆಯ ತಿರುಳು.

ಮುದ್ರಣದ ಹೊಣೆ ಹೊತ್ತವರು ಅಟ್ಲಾಂಟಿಕ್ ಕಂಪನಿಯ ಟಾಮ್ ಡೌಡ್. ತಾರುಣ್ಯದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಣುಬಾಂಬ್ ಯೋಜನೆಗೆ ಸಂಬಂಧಿಸಿದ ಭೌತವಿಜ್ಞಾನದ ಕೆಲಸ ಮಾಡಿದ್ದ ಡೌಡ್, ರೇ ಚಾರ್ಲ್ಸ್, ಜಾನ್ ಕಾಲ್ಟ್ರೇನ್, ಅರೀಥಾ ಫ್ರ್ಯಾಂಕ್ಲಿನ್ ಅವರಂಥವರ ಮುದ್ರಣಗಳಿಗೆ ತಂತ್ರಜ್ಞರಾಗಿದ್ದವರು. ಬೇರೆ ಬೇರೆ ವಾದ್ಯಗಳನ್ನು ಟೇಪಿನ ಬೇರೆ ಬೇರೆ ಪಥಗಳಲ್ಲಿ ಮುದ್ರಿಸಿ ಆಮೇಲೆ ಹದವಾಗಿ ಬೆರೆಸುವ ವಿಧಾನವನ್ನು ಬಳಕೆಗೆ ತಂದವರಲ್ಲಿ ಅಗ್ರಗಣ್ಯರು. ಅವರು ಅದೇ ಸಮಯದಲ್ಲಿ ಆಲ್ಮನ್ ಬ್ರದರ್ಸ್ ಎಂಬ, ಅಮೆರಿಕದ ದಕ್ಷಿಣ ರಾಜ್ಯಗಳ ತಂಡಕ್ಕೂ ಆಲ್ಬಂ ಮಾಡಿಕೊಡುತ್ತಿದ್ದರು. ಆಗಸ್ಟ್ 26ರಂದು ಮಯಾಮಿಯಲ್ಲಿ ಆ ತಂಡದ ಕಛೇರಿ ನಡೆದಾಗ ಡೌಡ್ ಡಾಮಿನೋಸ್ ತಂಡದವರನ್ನು ಅಲ್ಲಿಗೆ ಕರೆದೊಯ್ದರು. ಕಛೇರಿಯ ಬಳಿಕ ಸ್ಟುಡಿಯೊಕ್ಕೆ ಬಂದ ಆ ತಂಡದ ಗಿಟಾರ್ ವಾದಕ ಡ್ವೇನ್ ಆಲ್ಮನ್ ಅವರು ಆಲ್ಬಮ್ಮಿನ 14 ಹಾಡುಗಳ ಪೈಕಿ 11ರಲ್ಲಿ ಗಿಟಾರ್ ನುಡಿಸಿದರು.

1946ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಡ್ವೇನ್, ಅಲಬಾಮಾದ ಮಸಲ್ ಶೋಲ್ಸ್ ಪಟ್ಟಣದ ಸ್ಟುಡಿಯೊಗಳಲ್ಲಿ ಬಾಡಿಗೆ ವಾದಕರಾಗಿ ದುಡಿದು, ಅರೀಥಾ ಫ್ರ್ಯಾಂಕ್ಲಿನ್ ಮತ್ತು ವಿಲ್ಸನ್ ಪಿಕೆಟ್ ಅವರಂಥ ಕಪ್ಪು ಗಾಯಕರ ಹಾಡುಗಳಿಗೆ ನುಡಿಸಿ ಪಳಗಿದವರು. ನೆಗಡಿ ಮಾತ್ರೆಯ ಖಾಲಿ ಗಾಜಿನ ಶೀಶೆಯನ್ನು ಉಂಗುರ ಬೆರಳಿಗೆ ತೊಟ್ಟು ಅವರು ನುಡಿಸುತ್ತಿದ್ದ ಸ್ಲೈಡ್ ವಾದನ ಅಂದಿನ ರಾಕ್ ಲೋಕದಲ್ಲಿ ಸಾಟಿಯಿಲ್ಲದ್ದು. ‘ಲೈಲಾ’ ಹಾಡಿನ ಮೊದಲ ಕ್ಷಣದಲ್ಲೇ ಕೇಳುಗನನ್ನು ಸೆಳೆದು ನಿಲ್ಲಿಸುವ ಗಿಟಾರ್ ನುಡಿ ಡ್ವೇನ್ ಅವರ ಕೊಡುಗೆಯೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿಷಯ. ಹೀಗೆ ಹಾಡಿನುದ್ದಕ್ಕೂ ಮರುಕಳಿಸುತ್ತ ಅದರ ಗುರುತಾಗಿ ನಿಲ್ಲುವ ಚಿಕ್ಕ ಸ್ವರಗುಚ್ಛವನ್ನು ರಿಫ್ ಎನ್ನುತ್ತಾರೆ. ಆದರೆ ಈ ರಿಫ್ ಕೂಡ ಶೂನ್ಯದಿಂದ ಬಂದದ್ದಲ್ಲ: ಆಲ್ಬರ್ಟ್ ಕಿಂಗ್ ಎಂಬ ಕಪ್ಪು ಬ್ಲೂಸ್ ಕಲಾವಿದರು ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಎಂಬ 1967ರ ಆಲ್ಬಮ್ಮಿಗೆ ನಿಧಾನಗತಿಯಲ್ಲಿ ಹಾಡಿದ ‘ಆ್ಯಸ್ ದ ಇಯರ್ಸ್ ಗೋ ಪಾಸಿಂಗ್ ಬೈ’ ಎಂಬ ಹಾಡಿನ ಗಾಯನದ ಎಳೆಯನ್ನು ವೇಗಗೊಳಿಸಿ, ಗಿಟಾರಿಗೆ ಇಳಿಸಿ ಡ್ವೇನ್ ಅದನ್ನು ರೂಪಿಸಿದರು. ಹಳೆಯ ಬ್ಲೂಸ್‌ನ ಒಂದು ನಿಟ್ಟುಸಿರು ಇಲ್ಲಿ ಕೂಗಾಗಿ ಮಾರ್ಪಟ್ಟಿದೆ. ಹೀಗೆ ಪಡೆದದ್ದನ್ನು ಬೇರೊಂದನ್ನಾಗಿ ಮಾಡುವ ಶಕ್ತಿಯನ್ನು ಸೃಜನಶೀಲತೆಯೆಂದು ಗೌರವಿಸಬೇಕು. ಅದೇ ಕಾರಣಕ್ಕೆ ಅದರ ಮೂಲವನ್ನೂ ಹೆಸರಿಸಬೇಕು.

ಹಾಡಿನ ರಚನೆಯಲ್ಲಿ ಇನ್ನೊಂದು ವಿಶೇಷವಿದೆ. ರಿಫ್ ಮತ್ತು ಪಲ್ಲವಿ ‘ಡಿ ಮೈನರ್’ ಎಂಬ ಸ್ವರಸ್ಥಾಯಿಯಲ್ಲಿದ್ದರೆ, ಚರಣಗಳು ಅದಕ್ಕಿಂತ ಅರ್ಧ ಸ್ವರ ಕೆಳಗಿರುವ ‘ಸಿ ಶಾರ್ಪ್ ಮೈನರ್’ಗೆ ಇಳಿಯುತ್ತವೆ. ಹಾಡಿನ ನಡುವೆ ಆಧಾರ ಷಡ್ಜವನ್ನೇ ಹೀಗೆ ಸರಿಸುವ ಕ್ರಮವನ್ನು ಪಾಶ್ಚಾತ್ಯ ಸಂಗೀತದಲ್ಲಿ ಮಾಡ್ಯುಲೇಷನ್ ಎನ್ನುತ್ತಾರೆ. ಕಛೇರಿಯುದ್ದಕ್ಕೂ ತಂಬೂರಿಯ ಶ್ರುತಿ ಒಂದೇ ಆಗಿರುವ ಭಾರತೀಯ ಸಂಗೀತದಲ್ಲಿ ಅದಕ್ಕೆ ನೇರವಾಗಿ ಸಮನಾದದ್ದು ಇಲ್ಲ. ಚರಣದಲ್ಲಿ ನೆಲ ತುಸು ಕುಸಿದು ವಾದಿಸುವ, ಬೇಡುವ ದನಿ ಕೇಳಿಸಿದರೆ, ಪಲ್ಲವಿ ಬರುತ್ತಿದ್ದಂತೆ ನೆಲ ಮೇಲೆದ್ದು ಹೆಸರಿನ ಕೂಗು ಅಪ್ಪಳಿಸುತ್ತದೆ. ಕ್ಲ್ಯಾಪ್ಟನ್ ಅವರ ಗಾಯನ ತನ್ನ ಎಲ್ಲೆಯನ್ನು ಮುಟ್ಟಿ ಬಿರಿಯುವಂತೆ ಕೇಳುವುದಕ್ಕೆ ಅವರ ವ್ಯಥೆಯಷ್ಟೇ ಈ ಅರ್ಧ ಸ್ವರದ ಏರಿಕೆಯೂ ಕಾರಣ. ಅವರು ಬಳಸಿದ್ದು ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್, ಡ್ವೇನ್ ಬಳಸಿದ್ದು ಗಿಬ್ಸನ್ ಲೆಸ್ ಪಾಲ್. ಮೊದಲನೆಯದರ ನಾದ ತೆಳುವಾಗಿ ಚುರುಕಾದದ್ದು, ಎರಡನೆಯದರದು ದುಂಡಗೆ ತುಂಬಿದ್ದು. ಇವೆರಡನ್ನು ಚಿಕ್ಕ ಧ್ವನಿವರ್ಧಕಗಳಿಗೆ ಜೋಡಿಸಿ, ಹಲವು ಪಥಗಳಲ್ಲಿ ಒಂದರ ಮೇಲೊಂದು ಹೇರಿ ಮುದ್ರಿಸಿದ್ದರಿಂದ ಯಾರ ಸ್ವರ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ತೊಡಗಿತೆಂದು ಬಿಡಿಸುವುದೇ ಕಷ್ಟವಾಗುತ್ತದೆ. ಅಲ್ಲಿ ಸ್ಪರ್ಧೆಯ ಸುಳಿವಿಲ್ಲ. ಸಮಾನ ಪ್ರತಿಭೆಯ ಮತ್ತೊಬ್ಬ ವಾದಕ ಎದುರಿಗಿದ್ದಾಗ ಕ್ಲ್ಯಾಪ್ಟನ್ ಅವರ ಅತ್ಯುತ್ತಮ ವಾದನ ಹೊರಬಂದಿತೆಂಬುದಕ್ಕೆ ಈ ಆಲ್ಬಮ್ಮಿಗಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ.

ಮೂರು ನಿಮಿಷಗಳು ಕಳೆದ ಮೇಲೆ ಹಾಡು ಮುಗಿದೇಹೋಯಿತೆಂದು ತೋರುವ ಹೊತ್ತಿಗೆ ಪಿಯಾನೊ ತೊಡಗುತ್ತದೆ. ಅಲ್ಲಿಂದ ಮುಂದಿನ ಸುಮಾರು ನಾಲ್ಕು ನಿಮಿಷಗಳು ಮಾತಿಲ್ಲದ ಉತ್ತರಭಾಗ. ಹೀಗೆ ಕೃತಿಯ ಕೊನೆಗೆ ಸೇರುವ ಅಂಗವನ್ನು ಕೋಡಾ ಎನ್ನುತ್ತಾರೆ. ಮೊದಲ ಭಾಗದ ಮುದ್ರಣವಾಗಿ ಕೆಲವು ವಾರಗಳ ಅನಂತರ ಇದನ್ನು ಮುದ್ರಿಸಿ ಟೇಪನ್ನು ಬೆಸೆಯಲಾಯಿತು. ಪಿಯಾನೊ ನುಡಿಸಿದವರು ಡ್ರಮ್ ವಾದಕ ಜಿಮ್ ಗಾರ್ಡನ್. ಅದರ ಮೇಲೆ ಡ್ವೇನ್ ಅವರ ಸ್ಲೈಡ್ ಗಿಟಾರ್, ಮೆಟ್ಟಿಲುಗಳು ಮುಗಿದ ಮೇಲಿನ ಭಾಗದ ತಂತಿಯ ಮೇಲೂ ಜಾರುತ್ತ, ಕೊನೆಗೆ ಹಕ್ಕಿಯ ಕೂಗಿನಂಥ ಸ್ವರಗಳನ್ನು ಹೊರಡಿಸುತ್ತದೆ. ಈ ಭಾಗಕ್ಕಾಗಿಯೇ ಗಾರ್ಡನ್ ಅವರ ಹೆಸರು ಕ್ಲ್ಯಾಪ್ಟನ್ ಅವರ ಜತೆಗೆ ಕರ್ತೃವೆಂದು ದಾಖಲಾಯಿತು.

ವಿವಾದ ಹುಟ್ಟುವುದು ಇಲ್ಲಿ. ಡೆಲೇನಿ ಮತ್ತು ಬಾನಿ ಬಳಗದಲ್ಲಿ ಹಾಡುತ್ತಿದ್ದ, ಆ ಕಾಲದಲ್ಲಿ ಗಾರ್ಡನ್ ಅವರ ಸಂಗಾತಿಯಾಗಿದ್ದ ಗಾಯಕಿ ರೀಟಾ ಕೂಲಿಜ್ ಅವರು, ಆ ಪಿಯಾನೊ ಧಾಟಿ ತಾವೂ ಗಾರ್ಡನ್ ಅವರೂ ಸೇರಿ ಕಟ್ಟಿದ ‘ಟೈಮ್’ ಎಂಬ ಹಾಡಿನದೆಂದೂ, ತಮ್ಮನ್ನು ಕೇಳದೆ ಅದನ್ನು ‘ಲೈಲಾ’ದಲ್ಲಿ ಬಳಸಲಾಯಿತೆಂದೂ ಹೇಳುತ್ತ ಬಂದಿದ್ದು, 2016ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅದನ್ನು ದಾಖಲಿಸಿದ್ದಾರೆ. ಅವರ ಅಕ್ಕ ಪ್ರಿಸಿಲ್ಲಾ ಮತ್ತು ಭಾವ ಬುಕರ್ ಟಿ. ಜೋನ್ಸ್ 1973ರ ಆಲ್ಬಮ್ಮಿನಲ್ಲಿ ಆ ಹಾಡನ್ನು ಹಾಡಿದ್ದಾರೆ. ಎರಡನ್ನೂ ಕೇಳಿದವರಿಗೆ ಸಾಮ್ಯ ಸ್ಪಷ್ಟವಾಗಿದೆ. ತಂಡದೊಳಗಿನವರೇ ಆದ ಬಾಬಿ ವಿಟ್ಲಾಕ್ ಕೂಡ ಕೂಲಿಜ್ ಅವರ ಮಾತನ್ನು ಬಹಿರಂಗವಾಗಿ ಸಮರ್ಥಿಸಿದ್ದಾರೆ. ಸ್ವತಃ ಹಕ್ಕುದಾರರಲ್ಲದ, ಆ ಸಮರ್ಥನೆಯಿಂದ ಯಾವ ಲಾಭವನ್ನೂ ಪಡೆಯದ ಸಹವಾದಕನ ಸಾಕ್ಷ್ಯಕ್ಕೆ ತೂಕವಿದೆ. ಕೂಲಿಜ್ ಅವರ ಹೆಸರು ಹಾಡಿನ ಮೇಲೆ ಇರಬೇಕಿತ್ತು ಎಂಬುದೇ ಈ ಎಲ್ಲ ಸಂಗತಿಗಳಿಂದ ಹೊರಡುವ ನ್ಯಾಯವಾದ ತೀರ್ಮಾನ.

ಡ್ವೇನ್ ಆಲ್ಮನ್ ಅವರ ಹೆಸರು ಇಲ್ಲದಿರುವುದಕ್ಕೆ ಕಾರಣ ಬೇರೆ ಬಗೆಯದು. ಗೀತೆಯ ಹಕ್ಕುಸ್ವಾಮ್ಯವನ್ನು ಹಂಚುವ ರೂಢಿ ಬೆಳೆದದ್ದು ಅಚ್ಚಾದ ಸ್ವರಲಿಪಿಯ ಕಾಲದಲ್ಲಿ. ಅದರ ಕಣ್ಣಿಗೆ ಗೀತೆಯೆಂದರೆ ಸಾಹಿತ್ಯ ಮತ್ತು ಹಾಡುವ ಧಾಟಿ. ಸ್ಟುಡಿಯೊದಲ್ಲಿ ವಾದಕನೊಬ್ಬ ಹೊಳೆಯಿಸಿಕೊಟ್ಟ ರಿಫ್, ವಾದ್ಯದ ನಾದ, ಲಯದ ಒತ್ತು, ಇವೆಲ್ಲ ವಾದನದ ಭಾಗವೆಂದು ಎಣಿಸಲ್ಪಟ್ಟು, ಅವುಗಳಿಗೆ ಆ ದಿನದ ಸಂಭಾವನೆ ಸಂದರೆ ಲೆಕ್ಕ ಮುಗಿಯಿತು. ಅಮೆರಿಕದ ಒಕ್ಕೂಟ ಕಾನೂನು ಧ್ವನಿಮುದ್ರಣಕ್ಕೇ ಪ್ರತ್ಯೇಕ ಹಕ್ಕನ್ನು ಕೊಟ್ಟದ್ದು 1972ರ ಫೆಬ್ರವರಿಯಿಂದ. ‘ಲೈಲಾ’ ಮುದ್ರಣವಾದಾಗ ಅದೂ ಇರಲಿಲ್ಲ. ಮೊದಲ ಎರಡು ಸೆಕೆಂಡು ಕೇಳಿದೊಡನೆ ಲೋಕವೆಲ್ಲ ಗುರುತು ಹಿಡಿಯುವ ಅಂಗವನ್ನು ಕೊಟ್ಟವನು ಗೀತೆಯ ಕರ್ತೃವಲ್ಲ ಎನ್ನುವ ರೂಢಿಯನ್ನು ಸರಿಯೆಂದು ಒಪ್ಪುವುದು ಸಾಧ್ಯವಿಲ್ಲ.

1970ರ ನವೆಂಬರ್‌ನಲ್ಲಿ ಹೊರಬಂದ ಜೋಡಿ ತಟ್ಟೆಯ ಆಲ್ಬಂ ಅಮೆರಿಕದಲ್ಲಿ 16ನೆಯ ಸ್ಥಾನದವರೆಗೆ ಏರಿತಾದರೂ ಬ್ರಿಟನ್ನಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಡೆರೆಕ್ ಯಾರೆಂದು ಕೊಳ್ಳುವವರಿಗೆ ತಿಳಿಯದೆ ಹೋದದ್ದು ಅದಕ್ಕೊಂದು ಕಾರಣ. ಮೂರು ನಿಮಿಷಕ್ಕೂ ಕಡಿಮೆಯಾಗುವಂತೆ ಕತ್ತರಿಸಿ 1971ರಲ್ಲಿ ಬಿಡುಗಡೆ ಮಾಡಿದ ‘ಲೈಲಾ’ 51ನೆಯ ಸ್ಥಾನದಲ್ಲಿ ನಿಂತಿತು. 1972ರಲ್ಲಿ ಏಳು ನಿಮಿಷಗಳ ಪೂರ್ಣರೂಪದಲ್ಲಿ ಮತ್ತೆ ಬಂದಾಗ ಅಮೆರಿಕದಲ್ಲಿ 10ನೆಯ, ಬ್ರಿಟನ್ನಿನಲ್ಲಿ 7ನೆಯ ಸ್ಥಾನಕ್ಕೇರಿತು. ಕೋಡಾ ಇಲ್ಲದ ‘ಲೈಲಾ’ ಅರೆ ಹಾಡೆಂಬುದನ್ನು ಕೇಳುಗರೇ ತೀರ್ಮಾನಿಸಿದರೆನ್ನಬಹುದು. ಅಷ್ಟರಲ್ಲಿ ತಂಡ ಒಡೆದುಹೋಗಿತ್ತು. ಡ್ವೇನ್ 1971ರ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ, 24ರ ಹರೆಯದಲ್ಲಿ ತೀರಿಕೊಂಡರು. ರೇಡಲ್ 1980ರಲ್ಲಿ ಮಡಿದರು. ತೀವ್ರ ಮನೋರೋಗಕ್ಕೆ ತುತ್ತಾದ ಗಾರ್ಡನ್ 1983ರಲ್ಲಿ ತಮ್ಮ ತಾಯಿಯನ್ನೇ ಕೊಂದು, ಉಳಿದ ಬದುಕನ್ನೆಲ್ಲ ಸೆರೆಯಲ್ಲಿ ಕಳೆದು 2023ರಲ್ಲಿ ಕೊನೆಯುಸಿರೆಳೆದರು.

ಕ್ಲ್ಯಾಪ್ಟನ್ ಹೆರಾಯಿನ್ ವ್ಯಸನಕ್ಕೆ ಸಿಕ್ಕಿ ಮೂರು ವರ್ಷ ಬಹುಮಟ್ಟಿಗೆ ಮರೆಯಾದರು. ಆ ನಡುವೆ, 1971ರ ಆಗಸ್ಟ್ 1ರಂದು ರವಿಶಂಕರ್ ಮತ್ತು ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಕಛೇರಿಯಲ್ಲಿ ನುಡಿಸಿದ್ದು ಅವರ ಅಪರೂಪದ ಸಾರ್ವಜನಿಕ ದರ್ಶನಗಳಲ್ಲೊಂದು. 1974ರಲ್ಲಿ ಮರಳಿದಾಗ ಅವರನ್ನು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ್ದು ಜಮೈಕಾದ ಬಾಬ್ ಮಾರ್ಲಿ ಅವರ ಹಾಡು. ಎರಡೇ ವರ್ಷಗಳ ಬಳಿಕ, 1976ರ ಆಗಸ್ಟ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ವೇದಿಕೆಯ ಮೇಲೆ ಕುಡಿದ ಅಮಲಿನಲ್ಲಿ ಅವರು ವಲಸಿಗರ ವಿರುದ್ಧ ಜನಾಂಗೀಯ ನಿಂದನೆಯ ಮಾತುಗಳನ್ನಾಡಿದರು. ಅದನ್ನು ಪ್ರತಿಭಟಿಸಿ ಬ್ರಿಟನ್ನಿನಲ್ಲಿ ‘ರಾಕ್ ಅಗೇನ್ಸ್ಟ್ ರೇಸಿಸಂ’ ಎಂಬ ಚಳವಳಿಯೇ ಹುಟ್ಟಿತು. ಆ ಮಾತುಗಳಿಗಾಗಿ ನಾಚಿಕೆಯಾಗುತ್ತದೆಂದು ಅವರು ಬಹುಕಾಲದ ಮೇಲೆ ಹೇಳಿಕೊಂಡರು. ಕಪ್ಪು ಜನರ ಸಂಗೀತದಿಂದಲೇ ಅನ್ನ, ಕೀರ್ತಿ ಎರಡನ್ನೂ ಪಡೆದ ಕಲಾವಿದನ ಬಾಯಲ್ಲಿ ಬಂದ ಆ ಮಾತುಗಳನ್ನು ವ್ಯಸನದ ನೆಪದಲ್ಲಿ ಬದಿಗೆ ಸರಿಸುವುದು ಸರಿಯಲ್ಲ. ಅವರ ವೃತ್ತಿಜೀವನದ ಯಾವ ಸಮೀಕ್ಷೆಯೂ ಅದನ್ನು ಬಿಟ್ಟು ಪೂರ್ಣವಾಗದು.

1979ರಲ್ಲಿ ಪ್ಯಾಟಿ ಬಾಯ್ಡ್ ಅವರನ್ನು ಮದುವೆಯಾದ ಕ್ಲ್ಯಾಪ್ಟನ್ 1989ರಲ್ಲಿ ವಿಚ್ಛೇದನ ಪಡೆದರು. 1992ರ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ ಅವರು ವಿದ್ಯುತ್ ಗಿಟಾರ್ ತೊರೆದು, ಕುರ್ಚಿಯ ಮೇಲೆ ಕುಳಿತು, ಕೆಳಗಿನ ಸ್ಥಾಯಿಯಲ್ಲಿ, ತೂಗುವ ನಡೆಯಲ್ಲಿ ‘ಲೈಲಾ’ವನ್ನು ಹಾಡಿದರು. ಡ್ವೇನ್ ಅವರ ರಿಫ್ ಅಲ್ಲಿ ಅಬ್ಬರವಿಲ್ಲದೆ ಹಿಂದೆ ಸರಿದಿದೆ. ಕೋಡಾ ಇಲ್ಲವೇ ಇಲ್ಲ. ಪಿಯಾನೊ ನುಡಿಸಿದವರು, ಡ್ವೇನ್ ಮಡಿದ ಮೇಲೆ ಆಲ್ಮನ್ ಬ್ರದರ್ಸ್ ತಂಡವನ್ನು ಸೇರಿದ್ದ ಚಕ್ ಲೆವೆಲ್. ಈ ರೂಪಕ್ಕೆ ಅತ್ಯುತ್ತಮ ರಾಕ್ ಗೀತೆಯೆಂದು ಗ್ರ್ಯಾಮಿ ಪ್ರಶಸ್ತಿ ಬಂದಿತು, ಆಲ್ಬಂ ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಭಾರತದ ಅನೇಕ ಕೇಳುಗರು ಮೊದಲು ಬಲ್ಲದ್ದು ಇದೇ ‘ಲೈಲಾ’. ನಡುವಯಸ್ಸಿನ ಗಾಯಕನೊಬ್ಬ ಹಳೆಯ ಉರಿಯನ್ನು ಸಮಾಧಾನದಿಂದ ನೆನೆಯುವ ಈ ಗಾಯನಕ್ಕೆ ತನ್ನದೇ ಆದ ಗೌರವವಿದೆ. ಆದರೂ ಇದು ಕ್ಲ್ಯಾಪ್ಟನ್ ಒಬ್ಬರ ‘ಲೈಲಾ’. ಇತರರ ಕೊಡುಗೆಯನ್ನು ತೆಗೆದ ಮೇಲೆ ಉಳಿಯುವುದೆಷ್ಟು ಎಂಬುದನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಾಪನ ದೊರೆಯದು. ಒಂದು ಚೆಲುವಾದ ಹಾಡು ಉಳಿಯುತ್ತದೆ, ಒಂದು ಮಹತ್ಕೃತಿ ಉಳಿಯುವುದಿಲ್ಲ.

ಆದ್ದರಿಂದ ‘ಅನ್‌ಪ್ಲಗ್ಡ್’ ರೂಪವೊಂದನ್ನೇ ಬಲ್ಲ ಓದುಗರು ಮೊದಲು ಆಲ್ಬರ್ಟ್ ಕಿಂಗ್ ಅವರ 1967ರ ಹಾಡನ್ನು, ಅನಂತರ 1970ರ ಏಳು ನಿಮಿಷಗಳ ‘ಲೈಲಾ’ವನ್ನು, ಅದಾದ ಮೇಲೆ ಬುಕರ್ ಟಿ. ಮತ್ತು ಪ್ರಿಸಿಲ್ಲಾ ಅವರ ‘ಟೈಮ್’ ಹಾಡನ್ನು ಇದೇ ಕ್ರಮದಲ್ಲಿ ಕೇಳಬೇಕು; ಹಾಡಿನ ಮೇಲೆ ಇಂದಿಗೂ ಅಚ್ಚಾಗುತ್ತಿರುವ ಎರಡು ಹೆಸರುಗಳ ಜತೆಗೆ ಇನ್ನೆಷ್ಟು ಹೆಸರುಗಳು ಸೇರಬೇಕೆಂಬುದನ್ನು ಅವರೇ ನಿರ್ಧರಿಸಬಹುದು.